ಹಲ್ಲಿಗೆ ಕ್ಯಾಪ್ ಹಾಕಿಸುವ ಮುನ್ನ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂದರು ನಮ್ಮ ಹಿರಿಯರು. ಈಗ ಕಡಲೆಯೂ ಉಂಟು, ಕೆಟ್ಟ ಹಲ್ಲಿಗೆ ಕ್ಯಾಪೂ ಉಂಟು. ಆದರೆ ಯಾವ ಕ್ಯಾಪ್?

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಳವಾಡಿ ಸೀಮೆಯ ತಾಯಿಯೊಬ್ಬರು ಒಂದು ಚೀಟಿ ತೋರಿಸಿದರು. ಕೊನೆಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಚೀಟಿಯಲ್ಲಿ ಮೂರು ಬಗೆಯ ಕ್ಯಾಪ್, ಮೂರು ಬೆಲೆ. “ಫಾದರ್, ಬೆಲೆ ಹೆಚ್ಚಿನದೇ ಒಳ್ಳೆಯದಲ್ಲವೇ? ಓಲೆ ಅಡವಿಟ್ಟು ಅದನ್ನೇ ಹಾಕಿಸಿಕೊಳ್ಳಲೇ?” ಎಂದು ಕೇಳಿದರು. ನಾನು ವೈದ್ಯನಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇನೆ.

ಹಲ್ಲಿಗೂ ಪಿಂಗಾಣಿಗೂ ನಂಟು ಹಳೆಯದು. ಫ್ರಾನ್ಸಿನ ಔಷಧ ವ್ಯಾಪಾರಿ ಡುಶಾತೋ ಎಂಬಾತನ ದಂತದ ಕಟ್ಟುಹಲ್ಲು ಔಷಧಗಳ ವಾಸನೆಯನ್ನು ಹೀರಿ ನಾರುತ್ತಿತ್ತಂತೆ. 1774ರಲ್ಲಿ ಆತ ಪಿಂಗಾಣಿಯ ಹಲ್ಲು ಮಾಡಿಸಲು ಹೊರಟ. ಅಂದದಲ್ಲಿ ಪಿಂಗಾಣಿಗೆ ಸಾಟಿಯಿಲ್ಲ, ಆದರೆ ಬೇಗ ಬಿರಿಯುತ್ತದೆ. ಅದನ್ನು ಗಟ್ಟಿ ಮಾಡುವ ಪ್ರಯತ್ನಗಳಿಂದಲೇ ಇಂದಿನ ಮೂರು ಬಗೆಗಳು ಬಂದಿವೆ.

ಮೊದಲನೆಯದು, ಒಳಗೆ ಲೋಹ, ಮೇಲೆ ಪಿಂಗಾಣಿ. 1960ರ ದಶಕದಿಂದ ಬಳಕೆಯಲ್ಲಿರುವ ಇದು ಗಟ್ಟಿ, ಬೆಲೆಯೂ ಕಡಿಮೆ. ಮೇಲಿನ ಪದರ ಕೆಲವೊಮ್ಮೆ ಚಕ್ಕೆ ಏಳಬಹುದು. ವರ್ಷಗಳಾದ ಮೇಲೆ ಒಸಡಿನ ಅಂಚಿನಲ್ಲಿ ಕಪ್ಪುಗೆರೆ ಕಾಣಬಹುದು. ಅಗ್ಗದ ಓಲೆ ತೊಟ್ಟರೆ ಕಿವಿ ತುರಿಸುವವರು ಮೊದಲೇ ವೈದ್ಯರಿಗೆ ಹೇಳಬೇಕು. ಲೋಹದಲ್ಲಿ ನಿಕ್ಕಲ್ ಇರಬಹುದು.

ಎರಡನೆಯದು ಲಿಥಿಯಂ ಡೈಸಿಲಿಕೇಟ್. ಇದು ಗಾಜಿನ ಜಾತಿ. ನಿಜವಾದ ಹಲ್ಲಿನಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಮುಂದಿನ ಹಲ್ಲಿಗೆ ಚೆನ್ನ.

ಮೂರನೆಯದು ಜಿರ್ಕೋನಿಯಾ. ನಮ್ಮ ಒಡವೆ ಅಂಗಡಿಗಳ ‘ಅಮೆರಿಕನ್ ಡೈಮಂಡ್’ ಇದರ ಬಂಧುವೇ. ಬಿರುಕು ಹುಟ್ಟಿದರೆ ಸುತ್ತಲಿನ ಹರಳುಗಳು ಉಬ್ಬಿ ಅದನ್ನು ಒತ್ತಿ ಹಿಡಿಯುತ್ತವೆ. ಬಾಗಿಸುವ ಒತ್ತಡವನ್ನು ತಾಳುವ ಶಕ್ತಿ ಬರಿಯ ಪಿಂಗಾಣಿಗೆ ಸುಮಾರು 100 ಮೆಗಾಪಾಸ್ಕಲ್, ಲಿಥಿಯಂ ಡೈಸಿಲಿಕೇಟಿಗೆ ಸುಮಾರು 400, ಗಟ್ಟಿ ಬಗೆಯ ಜಿರ್ಕೋನಿಯಾಕ್ಕೆ 900ಕ್ಕೂ ಮೇಲು. ಅಂದಕ್ಕಾಗಿ ಹೆಚ್ಚು ಪಾರದರ್ಶಕವಾಗಿ ಮಾಡಿದ ಹೊಸ ಬಗೆಗಳಿಗೆ ಅಷ್ಟು ಶಕ್ತಿಯಿಲ್ಲ.

ಗಟ್ಟಿಯಿದ್ದರೆ ಸಾಲದು. ಒರಟಾದ ಪಿಂಗಾಣಿ ಎದುರಿನ ಹಲ್ಲನ್ನು ಅರದಂತೆ ಸವೆಸುತ್ತದೆ. ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಅಷ್ಟು ಸವೆಸುವುದಿಲ್ಲ. ಕಚ್ಚು ಸರಿಪಡಿಸಲು ವೈದ್ಯರು ಕ್ಯಾಪನ್ನು ಉಜ್ಜಿದರೆ ಮತ್ತೆ ಪಾಲಿಶ್ ಆಗಲೇಬೇಕು.

ಎಲ್ಲಕ್ಕಿಂತ ಮುಖ್ಯ ಮಾತು ಒಂದಿದೆ. ಕ್ಯಾಪ್ ಕೂರಲು ಹಲ್ಲನ್ನು ಸುತ್ತಲೂ ತೇಯಬೇಕು. ಲೋಹದ ಮೇಲಿನ ಪಿಂಗಾಣಿಗೆ ಅಗಿಯುವ ಮೈಯಲ್ಲಿ ಒಂದೂವರೆಯಿಂದ 2 ಮಿಲಿಮೀಟರ್, ಇಡಿಯಾದ ಜಿರ್ಕೋನಿಯಾಕ್ಕೆ ಸುಮಾರು 1 ಮಿಲಿಮೀಟರ್. ತೇದು ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಮದುವೆಗೆ ಮುನ್ನ ಹಲ್ಲು ಬೆಳ್ಳಗಿರಲೆಂದು ಗಟ್ಟಿ ಹಲ್ಲುಗಳನ್ನೇ ತೇಯಿಸಲು ಹೊರಟ ಮಕ್ಕಳಿಗೆ ತಂದೆತಾಯಿ ಇದನ್ನು ತಿಳಿಹೇಳಬೇಕು.

ನಮ್ಮ ಕಡೆಯವರು ಇನ್ನೊಂದನ್ನೂ ಯೋಚಿಸಬೇಕು. ಚಾಮರಾಜನಗರ, ಮೈಸೂರಿಗೆ ಹೋಗಲಿ, 27 ತಿರುವುಗಳ ದಿಂಬಂ ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋಗಲಿ, ಕ್ಯಾಪಿಗೆ ಸಾಮಾನ್ಯವಾಗಿ ಎರಡು ಬಾರಿಯಾದರೂ ಹೋಗಬೇಕು. ಆ ದಿನಗಳ ಕೂಲಿಯೂ ಖರ್ಚೇ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಹಣ ಕಡಿಮೆ, ಓಡಾಟ ಹೆಚ್ಚು. ಮೈಸೂರಿನ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು ಅಂಥದೊಂದು.

ವೈದ್ಯರ ಬಳಿ ಏನನ್ನೂ ಮುಚ್ಚಿಡಬೇಡಿ. ಎಲೆಅಡಿಕೆ ಹಾಕುತ್ತೀರಾ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ, ಹೇಳಿಬಿಡಿ. ಗಟ್ಟಿ ಅಡಿಕೆ ಕಡಿದರೆ ಪದರದ ಪಿಂಗಾಣಿ ಚಕ್ಕೆ ಏಳಬಹುದು. ಅಡಿಕೆಯೇ ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದೂ ನೆನಪಿರಲಿ. ಪಿಂಗಾಣಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ. ಒಸಡಿನ ಅಂಚನ್ನು ದಿನಕ್ಕೆರಡು ಬಾರಿ ಉಜ್ಜಬೇಕು.

ಆ ತಾಯಿ ಹೋಗಿ ವೈದ್ಯರನ್ನು ಇದೆಲ್ಲ ಕೇಳಿದರು. ನಕ್ಕಾಗಲೂ ಕಾಣದ ಕೊನೆಯ ಹಲ್ಲಿಗೆ ಬರಿಯ ಲೋಹದ ಕ್ಯಾಪೇ ಸಾಕು, ತೇಯುವುದೂ ಕಡಿಮೆ ಎಂದರಂತೆ ಅವರು. ಮುಂದಿನ ಭಾನುವಾರ ಆಕೆ ಬಂದಾಗ ಓಲೆ ಕಿವಿಯಲ್ಲೇ ಇತ್ತು.