ಶುಶ್ರೂಷೆ: ಹಲವು ಕೈಗಳ ಒಂದೇ ಸೇವೆ

ಕಳ್ಳರ ಕೈಗೆ ಸಿಕ್ಕಿ ದಾರಿಬದಿಯಲ್ಲಿ ಅರೆಜೀವವಾಗಿ ಬಿದ್ದಿದ್ದವನನ್ನು ಕಂಡು ಮರುಗಿದ ಸಮಾರಿಯದವನ ಸಾಮತಿಯನ್ನು ಅರಿಯದ ಕ್ರೈಸ್ತ ಕುಟುಂಬವಿರಲಾರದು. ಆದರೆ ಆ ಸಾಮತಿಯಲ್ಲಿ ನಾವು ಅಷ್ಟಾಗಿ ನೆನೆಯದ ಇನ್ನೊಬ್ಬ ವ್ಯಕ್ತಿಯಿದ್ದಾನೆ. ಅವನೇ ಛತ್ರದವನು. ಸಮಾರಿಯದವನು ಗಾಯಗಳನ್ನು ಕಟ್ಟಿ, ರೋಗಿಯನ್ನು ತನ್ನ ವಾಹನದ ಮೇಲೆ ಸಾಗಿಸಿ, ರಾತ್ರಿ ಆರೈಕೆ ಮಾಡಿ, ಮರುದಿನ ಹಣಕೊಟ್ಟು ಛತ್ರದವನಿಗೆ ಒಪ್ಪಿಸಿದನು. ಮರಳಿ ಬಂದು ವಿಚಾರಿಸುವುದಾಗಿಯೂ ತಿಳಿಸಿದನು. ಪ್ರಥಮ ಚಿಕಿತ್ಸೆ, ಸಾಗಣೆ, ಹಸ್ತಾಂತರ, ಮುಂದಿನ ಆರೈಕೆ ಇವೆಲ್ಲವೂ ಅಲ್ಲಿವೆ. ಕರುಣೆಯು ಒಬ್ಬನಲ್ಲಿ ಮೊದಲಾಯಿತು. ಜೀವ ಉಳಿಯಲು ಮತ್ತೊಬ್ಬನ ಕೈಯೂ ಬೇಕಾಯಿತು.

ಇಂದಿನ ಆಸ್ಪತ್ರೆಗಳಲ್ಲಿ ಈ ಎರಡೂ ಪಾತ್ರಗಳನ್ನು ಹೆಚ್ಚಾಗಿ ನಿರ್ವಹಿಸುವವರು ದಾದಿಯರು. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ. ಹಾಸಿಗೆಯ ಬಳಿ ಹಗಲಿರುಳು ಇರುವವರು ದಾದಿಯರು. ಆದರೂ ಅವರು ವೈದ್ಯರ ಆಜ್ಞೆಯನ್ನು ಪಾಲಿಸುವವರು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಎಷ್ಟು ತಪ್ಪೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಊರುಗಳನ್ನು ನೋಡಿದರೆ ಸಾಕು.

ಕ್ಯಾಸನೂರಿನ ಪಾಠ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಅದೇ ಸಮಯದಲ್ಲಿ ಕಾಡಂಚಿನ ಜನರೂ ತೀವ್ರ ಜ್ವರದಿಂದ ನರಳಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಾಣುವಿನ ಕಾಯಿಲೆಯೆಂದು ಗುರುತಿಸಿದರು. ಜನರು ಮಂಗನ ಕಾಯಿಲೆಯೆಂದು ಕರೆದ ಈ ರೋಗವು ವೈದ್ಯಕೀಯ ಲೋಕದಲ್ಲಿ ಆ ಊರಿನ ಹೆಸರನ್ನೇ ಹೊತ್ತಿದೆ. 2018ರ ಕೊನೆಯಲ್ಲಿ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಮತ್ತೆ ಉಲ್ಬಣಿಸಿ ಅನೇಕರನ್ನು ಬಲಿ ತೆಗೆದುಕೊಂಡಿತು. ಹಲವು ರೋಗಿಗಳನ್ನು ಮಣಿಪಾಲದವರೆಗೂ ಸಾಗಿಸಬೇಕಾಯಿತು.

ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ನೀಡದ ಕಾರಣ 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಔಷಧವಿಲ್ಲದ ಕಾಯಿಲೆಯಲ್ಲಿ ಆರೈಕೆಯೇ ಔಷಧ. ದೇಹದ ದ್ರವಾಂಶವನ್ನು ಕಾಯುವುದು, ರಕ್ತದೊತ್ತಡವನ್ನು ಮತ್ತೆ ಮತ್ತೆ ನೋಡುವುದು, ವಸಡಿನಲ್ಲಿಯೋ ಮೂಗಿನಲ್ಲಿಯೋ ರಕ್ತ ಕಾಣಿಸಿದರೆ ಕೂಡಲೇ ಗುರುತಿಸುವುದು, ಜ್ವರ ಬಿಟ್ಟು ಒಂದೆರಡು ವಾರಗಳ ಮೇಲೆ ಕೆಲವರಲ್ಲಿ ಅದು ಮರುಕಳಿಸಿ ಮೆದುಳಿನ ತೊಂದರೆ ತೋರಬಹುದೆಂದು ಎಚ್ಚರದಿಂದಿರುವುದು – ಇವೆಲ್ಲವೂ ಶುಶ್ರೂಷೆಯ ಕೆಲಸಗಳೇ.

ಒಂದು ರಾತ್ರಿಯ ನಿರ್ಧಾರ

ತೊಗರ್ಸಿಯಂತಹ ಗ್ರಾಮದ ರೈತನೊಬ್ಬನು ಸೌದೆಗೆಂದು ಕಾಡಿಗೆ ಹೋಗಿಬಂದು ಜ್ವರ, ತಲೆನೋವು, ಮೈಕೈ ನೋವಿನಿಂದ ಆಸ್ಪತ್ರೆಗೆ ದಾಖಲಾದನೆಂದು ಊಹಿಸೋಣ. ನೋವು ತಾಳಲಾರದೆ ಅವನು ಕೂಗಿಕೊಳ್ಳುತ್ತಾನೆ. ವೈದ್ಯರು ಸಾಮಾನ್ಯ ಜ್ವರವೆಂದು ಬಗೆದು ನೋವಿನ ಚುಚ್ಚುಮದ್ದನ್ನು ಬರೆದುಹೋಗಿದ್ದಾರೆ. ರಾತ್ರಿ ಪಾಳಿಯ ದಾದಿಯು ರೋಗಿಯೊಡನೆ ಮಾತನಾಡುವಾಗ, ಅವನು ಹೋಗಿದ್ದ ಕಾಡಿನಲ್ಲಿ ಮಂಗಗಳು ಸತ್ತಿದ್ದ ಸುದ್ದಿ ತಿಳಿಯುತ್ತದೆ. ವಸಡಿನಲ್ಲಿ ಸಣ್ಣಗೆ ರಕ್ತವೂ ಕಾಣುತ್ತದೆ. ರಕ್ತಸ್ರಾವದ ಸಂಭವವಿರುವ ಜ್ವರದಲ್ಲಿ ಆಸ್ಪಿರಿನ್ ಮುಂತಾದ ನೋವು ನಿವಾರಕಗಳೂ ಸ್ನಾಯುವಿಗೆ ಕೊಡುವ ಚುಚ್ಚುಮದ್ದೂ ಅಪಾಯ ತರಬಲ್ಲವು. ಬರೆದುಕೊಟ್ಟದ್ದನ್ನು ಕೊಟ್ಟುಬಿಟ್ಟರೆ ಅವಳನ್ನು ಯಾರೂ ದೂರುವುದಿಲ್ಲ. ಕೊಡದಿದ್ದರೆ ರೋಗಿಯ ಮನೆಯವರು ಗದರುತ್ತಾರೆ. ನಡುರಾತ್ರಿ ಹಿರಿಯ ವೈದ್ಯರನ್ನು ಎಬ್ಬಿಸಲು ಅಳುಕು ಬೇರೆ.

ಇಲ್ಲಿಯೇ ನಾಯಕತ್ವದ ಪರೀಕ್ಷೆ. ಚುಚ್ಚುಮದ್ದನ್ನು ತಡೆದು ವೈದ್ಯರಿಗೆ ತಿಳಿಸುವುದು ಅವಿಧೇಯತೆಯಲ್ಲ. ಅದು ಅವಳ ಕರ್ತವ್ಯ. ಆದರೆ ಹೇಳುವ ರೀತಿಯೂ ಮುಖ್ಯ. "ಸರ್, ರೋಗಿ ಯಾಕೋ ಸರಿಯಿಲ್ಲ" ಎಂದರೆ ಸಾಲದು. ರೋಗಿ ಯಾರು, ಈಗೇನಾಗಿದೆ, ಹಿನ್ನೆಲೆಯೇನು, ತನಗೆ ಯಾವ ಸಂಶಯವಿದೆ, ವೈದ್ಯರಿಂದ ಏನು ಬೇಕು ಎಂಬುದನ್ನು ಕ್ರಮವಾಗಿ ಹೇಳಬೇಕು. "ಸರ್, ಮೂರನೆಯ ಹಾಸಿಗೆಯ ರೋಗಿಗೆ ವಸಡಿನಲ್ಲಿ ರಕ್ತ ಬರುತ್ತಿದೆ, ರಕ್ತದೊತ್ತಡ ಇಳಿಯುತ್ತಿದೆ. ಮಂಗ ಸತ್ತ ಕಾಡಿಗೆ ಹೋಗಿದ್ದರಂತೆ. ಮಂಗನ ಕಾಯಿಲೆಯಿರಬಹುದೆಂದು ನನ್ನ ಸಂಶಯ. ಚುಚ್ಚುಮದ್ದು ತಡೆದಿದ್ದೇನೆ, ತಾವು ಬಂದು ನೋಡಬೇಕು" – ಇಷ್ಟು ಮಾತಿಗೆ ಅರೆನಿಮಿಷ ಸಾಕು. ಆ ಅರೆನಿಮಿಷದ ಮೇಲೆ ಒಂದು ಮನೆಯ ದೀಪ ನಿಂತಿರುತ್ತದೆ.

ಅಂತಹ ಮಾತು ಹೊರಡಬೇಕಾದರೆ ಕೇಳುವ ಕಿವಿಯೂ ಬೇಕು. ಕಿರಿಯ ದಾದಿಯ ಸಂಶಯವನ್ನು ಗದರಿ ಅಡಗಿಸುವ ವೈದ್ಯರೂ ಮೇಲ್ವಿಚಾರಕಿಯರೂ ಇರುವಲ್ಲಿ ಮುಂದಿನ ಸಲ ಆಕೆ ಬಾಯಿ ತೆರೆಯುವುದಿಲ್ಲ, ನಷ್ಟ ರೋಗಿಗೆ. ನಿಜವಾದ ನಾಯಕಿ ಆಜ್ಞೆ ಮಾಡುವುದಕ್ಕಿಂತ ಮೊದಲು ಕೇಳುತ್ತಾಳೆ. ಯಾವ ರೋಗಿ ಹೆಚ್ಚು ಅಪಾಯದಲ್ಲಿದ್ದಾನೆಂದು ನೋಡಿ ಕೆಲಸ ಹಂಚುತ್ತಾಳೆ. ಪಾಳಿ ಬದಲಾಗುವಾಗ ರೋಗಿಯ ಹಾಸಿಗೆಯ ಬಳಿಯೇ ನಿಂತು ವಿವರ ಒಪ್ಪಿಸುವಂತೆ ನೋಡಿಕೊಳ್ಳುತ್ತಾಳೆ.

ಇದು ಬರಿಯ ಉಪದೇಶವಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರೂ ದಾದಿಯರೂ ಒಟ್ಟಾಗಿ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ತಪಾಸಣಾ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿ, ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಒಬ್ಬರೊಡನೊಬ್ಬರು ಮಾತನಾಡಿದ್ದರ ಫಲ ಅದು.

ಪರಂಪರೆಯ ಬೆಳಕು

ಧರ್ಮಸಭೆಗೆ ಈ ವಿಷಯ ಹೊಸದಲ್ಲ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಸಂತ ಕಮಿಲ್ಲಸರು ಮೊದಲು ಸೈನಿಕರು, ಜೂಜುಗಾರರು. ಕಾಲಿನ ವಾಸಿಯಾಗದ ಹುಣ್ಣಿನಿಂದ ಸ್ವತಃ ರೋಗಿಯಾಗಿ ರೋಮಿನ ಆಸ್ಪತ್ರೆ ಸೇರಿದ ಅವರು, ರೋಗಿಗಳನ್ನು ಕೂಲಿಗಾಗಿ ಒಲ್ಲದ ಮನಸ್ಸಿನಿಂದ ನೋಡಿಕೊಳ್ಳುವುದನ್ನು ಕಂಡು ನೊಂದು, ಸೇವಾಮನಸ್ಕರ ತಂಡವೊಂದನ್ನೇ ಕಟ್ಟಿದರು. ಧರ್ಮಸಭೆ ಅವರನ್ನು ರೋಗಿಗಳ ಮತ್ತು ಶುಶ್ರೂಷಕರ ಪಾಲಕ ಸಂತರನ್ನಾಗಿ ಗೌರವಿಸುತ್ತದೆ.

ನಮ್ಮ ನಾಡಿನಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಮೊದಲಿಟ್ಟ ಸೇವೆ, ಬೆಂಗಳೂರಿನಲ್ಲಿ 1886ರಲ್ಲಿ ಆರಂಭವಾದ ಸಂತ ಮಾರ್ತಾ ಆಸ್ಪತ್ರೆ ಇದೇ ಹಾದಿಯವು. ಆಸ್ಟ್ರೇಲಿಯಾದಿಂದ 1920ರಲ್ಲಿ ಬಂದು ಗುಂಟೂರಿನಲ್ಲಿ ದುಡಿದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೌರಿಯವರು ಚದುರಿಹೋಗಿದ್ದ ಕಥೋಲಿಕ ಆಸ್ಪತ್ರೆಗಳನ್ನು 1943ರಲ್ಲಿ ಒಂದೇ ಸಂಘಟನೆಯಡಿ ತಂದರು. ಒಬ್ಬರಿಂದ ಆಗದ್ದು ಒಗ್ಗೂಡಿದರೆ ಆಗುತ್ತದೆಂಬುದು ಅವರ ನಂಬಿಕೆಯಾಗಿತ್ತು. ಕ್ಯಾಸನೂರಿನ ಕಾಯಿಲೆ ಬೆಳಕಿಗೆ ಬಂದ 1957ರಲ್ಲಿಯೇ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಮನೆಯವರ ಪಾಲು

ಆರೈಕೆಯ ತಂಡದಲ್ಲಿ ನಾವೂ ಇದ್ದೇವೆ. ಕಾಡಿಗೆ ಹೋದದ್ದು, ಮನೆಮದ್ದು ಕುಡಿದದ್ದು, ಮೊದಲೇ ನುಂಗಿದ ಮಾತ್ರೆ – ಇವನ್ನು ಮುಚ್ಚಿಡದೆ ಹೇಳುವುದು ಮನೆಯವರ ಪಾಲಿನ ಕೆಲಸ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಜ್ವರದ ವಿಚಾರ ಕೇಳಿದಾಗ ಬೇಸರಿಸದಿರುವುದೂ ಅದರಲ್ಲಿ ಸೇರಿದೆ; ಹಲವು ಬಾರಿ ಮೊದಲ ಎಚ್ಚರಿಕೆ ಹೊರಡುವುದು ಅವಳಿಂದಲೇ. ಔಷಧ ತಡೆಹಿಡಿದ ದಾದಿಯ ಮೇಲೆ ಕೂಗಾಡುವ ಮೊದಲು ಕಾರಣವನ್ನು ಕೇಳೋಣ.

ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳೂ, ಈ ವೃತ್ತಿಯನ್ನು ಆರಿಸಿಕೊಂಡಿದ್ದಾರೆ. ವಿದೇಶದ ಸಂಬಳ ಎಷ್ಟೆಂದು ಅವರನ್ನು ಕೇಳುವವರು ಬಹಳ. ವಿಧೇಯತೆ, ಸಹನೆಗಳನ್ನು ನಾವು ಅವರಿಗೆ ಚಿಕ್ಕಂದಿನಿಂದಲೇ ಕಲಿಸಿದ್ದೇವೆ. ತಪ್ಪೆಂದು ತೋರಿದ್ದನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳುವ ಧೈರ್ಯವನ್ನೂ ಊಟದ ಪಂಕ್ತಿಯಲ್ಲಿ, ಸಂಜೆಯ ಪ್ರಾರ್ಥನೆಯ ನಂತರದ ಮಾತುಕತೆಯಲ್ಲಿ ಬೆಳೆಸೋಣ. ಮನೆಯಲ್ಲಿ ಹಿರಿಯರೆದುರು ಒಂದು ಸಂಶಯ ಕೇಳಲು ಅವಕಾಶ ಸಿಗದ ಮಗಳು, ನಡುರಾತ್ರಿ ಹಿರಿಯ ವೈದ್ಯರನ್ನು ಎಬ್ಬಿಸಿಯಾಳೇ?