ಜೇಸನ್‌ನಿಂದ ಮಾಡೆಲ್‌ಗೆ: ನಂಬಿಕೆ ಒಂದು, ನಡೆಯುವುದು ಇನ್ನೊಂದು

ಸರ್ವರ್ ಕಳಿಸಿದ ಜೇಸನ್ ಅನ್ನು ಆ್ಯಪ್ ಒಳಗಿನ ಮಾಡೆಲ್ ಆಬ್ಜೆಕ್ಟ್ ಮಾಡಿಕೊಳ್ಳುವುದು ಗುಮಾಸ್ತೆ ಕೆಲಸ, ಲೈಬ್ರರಿಗೆ ಬಿಟ್ಟರಾಯಿತು ಎಂಬ ಮಾತು ಮೊಬೈಲ್ ಡೆವಲಪರ್‌ಗಳಲ್ಲಿ ಬಹಳ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಜೇಸನ್ ಎಂದರೆ ಬರೀ ಪಠ್ಯ. ಸ್ಟ್ರಿಂಗ್, ಸಂಖ್ಯೆ, ಹೌದು-ಅಲ್ಲ, ನಲ್, ಪಟ್ಟಿ, ಕೀ-ಮೌಲ್ಯಗಳ ಗುಂಪು, ಅದಕ್ಕೆ ಗೊತ್ತಿರುವುದು ಇಷ್ಟೇ. ದಿನಾಂಕ ಗೊತ್ತಿಲ್ಲ, ಹಣ ಗೊತ್ತಿಲ್ಲ, ಯಾವ ಫೀಲ್ಡ್ ಇರಲೇಬೇಕು ಎಂಬುದೂ ಗೊತ್ತಿಲ್ಲ. ಇವನ್ನೆಲ್ಲ ತೀರ್ಮಾನಿಸಬೇಕಾದ ಜಾಗ ಈ ಪರಿವರ್ತನೆ. ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊರಗೇ ತಡೆಯಬೇಕು ಎಂದು ಇಲ್ಲಿ ಗಟ್ಟಿ ಮಾಡಿಕೊಳ್ಳದಿದ್ದರೆ ಅದರ ಫಲವನ್ನು ಮುಂದಿನ ಪ್ರತಿ ಪರದೆಯೂ ಉಣ್ಣಬೇಕಾಗುತ್ತದೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಕೋಟ್ಲಿನ್‌ನದು. ‘ಈ ಫೀಲ್ಡ್ ನಲ್ ಆಗುವಂತಿಲ್ಲ ಎಂದು ಬರೆದಿದ್ದೇನೆ, ಕಂಪೈಲರ್ ನೋಡಿಕೊಳ್ಳುತ್ತದೆ’ ಎನ್ನುತ್ತಾರೆ. ಕಂಪೈಲರ್ ನೋಡುವುದು ನೀವು ಬರೆದ ಕೋಡನ್ನು. ಆ್ಯಪ್ ಓಡುವಾಗ ನೆಟ್‌ವರ್ಕ್‌ನಿಂದ ಬರುವ ಪಠ್ಯವನ್ನಲ್ಲ. ಗೂಗಲ್‌ನ ಜಿಸಾನ್ ಲೈಬ್ರರಿ ಹೊರಬಂದದ್ದು 2008ರಲ್ಲಿ, ಜಾವಾಕ್ಕಾಗಿ. ಕೋಟ್ಲಿನ್ 1.0 ಬಂದದ್ದು 2016ರಲ್ಲಿ. ಹಾಗಾಗಿ ಜಿಸಾನ್‌ಗೆ ಕೋಟ್ಲಿನ್‌ನ ನಲ್ ಕಟ್ಟಳೆಯ ಅರಿವಿಲ್ಲ. ನಿಮ್ಮ ಕ್ಲಾಸಿಗೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ಅದು ಕನ್‌ಸ್ಟ್ರಕ್ಟರನ್ನೇ ಕರೆಯದೆ ಆಬ್ಜೆಕ್ಟ್ ಸೃಷ್ಟಿಸಿಬಿಡುತ್ತದೆ. ಆಗ ನೀವು ಕೊಟ್ಟ ಡೀಫಾಲ್ಟ್ ಮೌಲ್ಯಗಳಿಗೆ ಬೆಲೆಯಿಲ್ಲ. ಜೇಸನ್‌ನಲ್ಲಿ ಹೆಸರು ಬಾರದಿದ್ದರೆ, ನಲ್ ಆಗಲಾರದ ಹೆಸರಿನ ಫೀಲ್ಡಿನಲ್ಲಿ ನಲ್ ಕೂತಿರುತ್ತದೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ, ಇನ್ಯಾವುದೋ ಪರದೆ ಆ ಹೆಸರನ್ನು ಮುಟ್ಟಿದಾಗ ಆ್ಯಪ್ ಕ್ರ್ಯಾಶ್ ಆಗುತ್ತದೆ, ತಪ್ಪು ಅಲ್ಲಿದೆಯೆಂದು ಹುಡುಕಾಟ ಶುರುವಾಗುತ್ತದೆ. ಮೋಶಿ ಲೈಬ್ರರಿಯ ಕೋಟ್ಲಿನ್ ಅಡಾಪ್ಟರ್ ಮತ್ತು ಜೆಟ್‌ಬ್ರೇನ್ಸ್‌ನ ಕೋಟ್ಲಿನ್ ಸೀರಿಯಲೈಸೇಶನ್ ಇಂಥದ್ದನ್ನು ಪರಿವರ್ತನೆಯ ಹೊತ್ತಿಗೇ ತಡೆದು ದೋಷ ಹೇಳುತ್ತವೆ. ಹೊಸ ಕೋಟ್ಲಿನ್ ಪ್ರಾಜೆಕ್ಟಿಗೆ ಜಿಸಾನ್ ಆರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಐಫೋನ್ ಕಡೆಯವರು ಇಲ್ಲಿ ಸಮಾಧಾನಪಡುವಂತಿಲ್ಲ. 2017ರಲ್ಲಿ ಸ್ವಿಫ್ಟ್ 4ರ ಜೊತೆ ಬಂದ ಕೋಡಬಲ್ ಕಟ್ಟುನಿಟ್ಟಿನದು, ನಿಜ. ಆದರೆ ‘ಡೀಫಾಲ್ಟ್ ಕೊಟ್ಟಿದ್ದೇನಲ್ಲ, ಕೀ ಬಾರದಿದ್ದರೆ ಅದೇ ಬಳಕೆಯಾಗುತ್ತದೆ’ ಎಂಬ ನಂಬಿಕೆ ಅಲ್ಲೂ ಸುಳ್ಳು. ಸ್ವಿಫ್ಟ್ ತಾನಾಗಿ ಬರೆದುಕೊಡುವ ಡಿಕೋಡಿಂಗ್ ಕೋಡ್ ನಿಮ್ಮ ಡೀಫಾಲ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಕೀ ಸಿಗಲಿಲ್ಲ’ ಎಂದು ದೋಷ ಎಸೆಯುತ್ತದೆ. ಡೀಫಾಲ್ಟ್ ಬೇಕಿದ್ದರೆ ಆ ಡಿಕೋಡಿಂಗ್ ಅನ್ನು ಕೈಯಾರೆ ಬರೆಯಬೇಕು.

ಅಂಕಿಗಳಿಂದ ಕೂಡಿದ್ದೆಲ್ಲ ಸಂಖ್ಯೆ ಎಂಬುದು ಮತ್ತೊಂದು ಎಡವಟ್ಟು. ಬೆಂಗಳೂರಿನ ಎಸ್‌ಟಿಡಿ ಕೋಡ್ 080. ಸೊನ್ನೆಯಿಂದ ಶುರುವಾಗುವ ಇಂಥ ಸಂಖ್ಯೆಯನ್ನು ಜೇಸನ್‌ನ ವ್ಯಾಕರಣವೇ ಒಪ್ಪುವುದಿಲ್ಲ. ಸರ್ವರ್ ಅದನ್ನು ಸಂಖ್ಯೆಯಾಗಿ ಇಟ್ಟುಕೊಂಡಿದ್ದರೆ ನಿಮ್ಮ ಕೈಗೆ ಬರುವುದು 80. ಫೋನ್ ನಂಬರ್, ಪಿನ್ ಕೋಡ್, ಖಾತೆ ಸಂಖ್ಯೆ, ಆಧಾರ್, ಇವನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಇವು ಸ್ಟ್ರಿಂಗ್ ಆಗಿಯೇ ಇರಲಿ. ದೊಡ್ಡ ಐಡಿಗಳಿಗೂ ಇದೇ ಮಾತು. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆಯಲ್ಲಿ ಪೂರ್ಣಾಂಕಗಳು ತಪ್ಪಿಲ್ಲದೆ ಉಳಿಯುವುದು 9,00,71,99,25,47,40,991ರವರೆಗೆ ಮಾತ್ರ. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್ ಐಡಿಗಳನ್ನು ಹಿಗ್ಗಿಸಿದಾಗ ಅದೇ ಐಡಿಯನ್ನು ಸ್ಟ್ರಿಂಗ್ ರೂಪದಲ್ಲೂ ಕೊಡತೊಡಗಿದ್ದು ಈ ಕಾರಣಕ್ಕೇ.

ಫ್ಲಟರ್‌ನಲ್ಲಿ ಬೆಲೆಯ ಫೀಲ್ಡ್ ಬೇರೆಯೇ ಆಟ ಆಡಿಸುತ್ತದೆ. 49.5 ಬಂದಾಗ ಡಬಲ್, 50 ಬಂದಾಗ ಇಂಟ್. ನೇರವಾಗಿ ಡಬಲ್ ಎಂದು ಕಾಸ್ಟ್ ಮಾಡಿದ ಕೋಡ್ ಬ್ರೌಸರಿನಲ್ಲಿ ಸರಿಯಾಗಿ ಓಡಿ ಫೋನಿನಲ್ಲಿ ಬೀಳುತ್ತದೆ. ಮೊದಲು ನಮ್ ಎಂದು ತೆಗೆದುಕೊಂಡು ಆಮೇಲೆ ಡಬಲ್ ಮಾಡಿಕೊಂಡರೆ ಸಾಕು.

ಇಷ್ಟಾದರೂ ಕ್ರ್ಯಾಶ್ ಆಗುವ ತಪ್ಪು ಕಣ್ಣಿಗೆ ಬೀಳುತ್ತದೆ. ದಿನಾಂಕದ ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಸ್ವಿಫ್ಟ್‌ನ ಜೇಸನ್ ಡಿಕೋಡರ್, ನೀವು ಬೇರೆ ಏನೂ ಹೇಳದಿದ್ದರೆ, 2001ರ ಜನವರಿ 1ರಿಂದ ಎಣಿಸುತ್ತದೆ. ಸಂಖ್ಯೆ ಸಂಖ್ಯೆಯೇ, ಹಾಗಾಗಿ ದೋಷವೇನೂ ಬರುವುದಿಲ್ಲ. 2025ರ ಟಿಕೆಟ್ 2056ರದ್ದಾಗಿ ಪರದೆಯ ಮೇಲೆ ನಿಲ್ಲುತ್ತದೆ. ದಿನಾಂಕ ಓದುವ ಕ್ರಮವನ್ನು ಡಿಕೋಡರ್‌ಗೆ ಬಾಯಿಬಿಟ್ಟು ಹೇಳುವುದು ಒಂದೇ ಸಾಲಿನ ಕೆಲಸ.

ಕನ್ನಡ ಪಠ್ಯವನ್ನು ಎಸ್ಕೇಪ್ ಮಾಡಿಯೇ ಕಳಿಸಬೇಕು ಎನ್ನುವವರೂ ಇದ್ದಾರೆ. ಅಗತ್ಯವಿಲ್ಲ. 2017ರ ಆರ್‌ಎಫ್‌ಸಿ 8259ರ ಪ್ರಕಾರ ವ್ಯವಸ್ಥೆಗಳ ನಡುವೆ ಓಡಾಡುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕು. ‘ಕನ್ನಡ’ ಎಂಬ ಪದಕ್ಕೆ ಅಲ್ಲಿ ಹಿಡಿಯುವುದು 15 ಬೈಟ್, ಎಸ್ಕೇಪ್ ಮಾಡಿದರೆ 30. ಡಿಕೋಡ್ ಆದ ಮೇಲೆ ಎರಡೂ ಒಂದೇ ಸ್ಟ್ರಿಂಗ್.

‘ಟೆಸ್ಟಿಂಗ್‌ನಲ್ಲಿ ಪಾಸಾಗಿದೆ, ಇನ್ನೇನು?’ ಎಂಬ ನಿಶ್ಚಿಂತೆಗೆ ಮೊಬೈಲಿನಲ್ಲಿ ಜಾಗ ಕಡಿಮೆ. ಆಂಡ್ರಾಯ್ಡ್‌ನ ರಿಲೀಸ್ ಬಿಲ್ಡ್‌ನಲ್ಲಿ ಕೋಡ್ ಕುಗ್ಗಿಸುವ ಆರ್8 ಚಾಲೂ ಇದ್ದರೆ ಅದು ಫೀಲ್ಡ್‌ಗಳ ಹೆಸರನ್ನು ಒಂದೆರಡು ಅಕ್ಷರಕ್ಕೆ ಇಳಿಸಬಹುದು. ಹೆಸರು ನೋಡಿ ಹೊಂದಿಸುವ ಜಿಸಾನ್‌ಗೆ ಆಗ ಏನೂ ಸಿಗುವುದಿಲ್ಲ. ಡೀಬಗ್‌ನಲ್ಲಿ ತುಂಬಿದ್ದ ಪಟ್ಟಿ ಸ್ಟೋರ್‌ಗೆ ಹೋದ ಆ್ಯಪ್‌ನಲ್ಲಿ ಖಾಲಿ. ಪ್ರತಿ ಫೀಲ್ಡಿಗೂ ಜೇಸನ್ ಹೆಸರನ್ನು ಅನೊಟೇಶನ್‌ನಲ್ಲಿ ಬರೆದು, ಅವನ್ನು ಅಳಿಸದಂತೆ ಆರ್8ಗೆ ನಿಯಮ ಕೊಡಬೇಕು. ಅದಕ್ಕಿಂತ ದೊಡ್ಡ ವಿಷಯ ಕಾಲದ್ದು. ಬಳಕೆದಾರರ ಫೋನಿನಲ್ಲಿ ಹಳೆಯ ಆವೃತ್ತಿ ವರ್ಷಗಟ್ಟಲೆ ಉಳಿದಿರುತ್ತದೆ, ಸರ್ವರ್ ಮಾತ್ರ ಬದಲಾಗುತ್ತಲೇ ಇರುತ್ತದೆ. ಟಿಕೆಟ್‌ಗಳ ಪಟ್ಟಿಯಲ್ಲಿ, ‘ಬುಕ್ ಆಗಿದೆ’, ‘ರದ್ದಾಗಿದೆ’ ಎಂಬ ಎರಡೇ ಸ್ಥಿತಿ ಬಲ್ಲ ಎನಮ್‌ಗೆ ಸರ್ವರ್ ‘ಮುಂದೂಡಲಾಗಿದೆ’ ಎಂಬ ಮೂರನೆಯದನ್ನು ಕಳಿಸಿತೆನ್ನಿ. ಜಿಸಾನ್ ಸುಮ್ಮನೆ ನಲ್ ಇಡುತ್ತದೆ. ಸ್ವಿಫ್ಟ್ ಆ ಒಂದು ಟಿಕೆಟ್‌ಗಾಗಿ ಇಡೀ ಪಟ್ಟಿಯನ್ನೇ ತಿರಸ್ಕರಿಸುತ್ತದೆ. ‘ಗೊತ್ತಿಲ್ಲದ ಸ್ಥಿತಿ’ ಎಂಬುದಕ್ಕೆ ಮೊದಲ ದಿನವೇ ಎನಮ್‌ನಲ್ಲಿ ಜಾಗವಿರಬೇಕು, ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಡಿಕೋಡ್ ಮಾಡಬೇಕು.

ಹಾಗೆ ತಿರಸ್ಕೃತವಾದ ಸಾಲನ್ನು ಮರೆತುಬಿಡಲೂಬಾರದು. ಸ್ವಿಫ್ಟ್‌ನ ಡಿಕೋಡಿಂಗ್ ದೋಷ, ಎಷ್ಟನೆಯ ಸಾಲಿನ ಯಾವ ಕೀ ಎಂಬ ಪೂರ್ತಿ ದಾರಿಯನ್ನೇ ಹೊತ್ತು ಬರುತ್ತದೆ. ಆ ದಾರಿ ಲಾಗ್‌ಗೆ ಹೋಗಲಿ. ಅಲ್ಲಿದ್ದ ಮೌಲ್ಯ ಬೇಡ, ಅದು ಯಾರದ್ದೋ ಫೋನ್ ನಂಬರ್ ಆಗಿರಬಹುದು.