ಬಯಕೆ ಬೇರೆ, ತೃಪ್ತಿ ಬೇರೆ

ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಇಚ್ಛಾ ಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಮಿತಿ ಬೇಕಾದದ್ದು ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೂ ಎಂಬ ತಿಳಿವು ಆ ಹೆಸರಿನಲ್ಲಿಯೇ ಅಡಗಿದೆ.

ವಸ್ತುವಿನಿಂದ ದೊರೆಯುವ ತೃಪ್ತಿಯನ್ನು ಅರ್ಥಶಾಸ್ತ್ರ ‘ತುಷ್ಟಿಗುಣ’ ಎನ್ನುತ್ತದೆ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಅದನ್ನು ಸುಖದುಃಖಗಳ ಲೆಕ್ಕವೆಂದು ಭಾವಿಸಿದ್ದರು. ಮನದೊಳಗಿನ ಸುಖವನ್ನು ಅಳೆಯುವುದು ಕಷ್ಟವೆಂದು ಮುಂದಿನವರು ಮನುಷ್ಯನ ಆಯ್ಕೆಯನ್ನೇ ಅದರ ಗುರುತಾಗಿ ಹಿಡಿದರು. ಬಯಸಿ ಆರಿಸಿಕೊಂಡದ್ದೇ ಹೆಚ್ಚು ತೃಪ್ತಿ ಕೊಡುತ್ತದೆ ಎಂಬ ನಂಬಿಕೆ ಹೀಗೆ ಬೇರೂರಿತು.

ಮಿದುಳಿನ ವಿಜ್ಞಾನ ಈ ನಂಬಿಕೆಯನ್ನು ಅಲುಗಿಸಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಮಿದುಳಿನ ಡೋಪಮೈನ್ ರಾಸಾಯನಿಕವನ್ನು ಬಹುಪಾಲು ಕಳೆದುಕೊಂಡ ಇಲಿಗಳು ಆಹಾರವನ್ನು ಅರಸಲಿಲ್ಲ; ಆದರೂ ನಾಲಗೆಗೆ ಸಿಹಿ ಸೋಕಿದಾಗ ಎಂದಿನಂತೆ ಸವಿದವು. ಬಯಸುವುದೂ ಸವಿಯುವುದೂ ಮಿದುಳಿನಲ್ಲಿ ಬೇರೆ ಬೇರೆ ಕ್ರಿಯೆಗಳು. ಸವಿ ಹೆಚ್ಚದಿದ್ದರೂ ಬಯಕೆ ಬೆಳೆಯಬಲ್ಲದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲಿ ಮತ್ತೊಂದನ್ನು ತೋರಿಸಿದರು: ನಾವು ತೂಗುವುದು ಒಟ್ಟು ಸಂಪತ್ತನ್ನಲ್ಲ, ನಿಂತ ನೆಲೆಯಿಂದ ಆದ ಏರಿಳಿತವನ್ನು. ನೆಲೆ ಏರಿದಂತೆ ನಿನ್ನೆಯ ಲಾಭ ಇಂದು ಸಾಮಾನ್ಯವಾಗುತ್ತದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಜಿಲ್ಲೆಯ ಹೊಲಗಳ ಬೆಲೆ ಹಿರಿಯರ ಊಹೆಗೂ ಮೀರಿ ಏರಿತು. ಹೊಲ ಮಾರಿದವನಿಗೆ ಕೈಗೆ ಬಂದ ಹಣಕ್ಕಿಂತ ಪಕ್ಕದವನಿಗೆ ದೊರೆತ ಬೆಲೆಯೇ ದೊಡ್ಡದಾಗಿ ಕಾಣುತ್ತದೆ. ನಿಂತ ನೆಲೆ ಜಾರಿಹೋಗಿರುತ್ತದೆ. ಪಾಲಿನ ಮಾತಿಗೆ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಹಣ ಕರಗಬಹುದು; ಮಾರಿದ ಹೊಲ ಮರಳದು.

‘ತತ್ತ್ವಾರ್ಥಸೂತ್ರ’ದಲ್ಲಿ ಮಿತಿ ಹಾಕಿಕೊಳ್ಳಬೇಕಾದವುಗಳ ಪಟ್ಟಿ ಆರಂಭವಾಗುವುದೇ ಕ್ಷೇತ್ರದಿಂದ, ಅಂದರೆ ಹೊಲದಿಂದ. ಅನಂತರ ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮುಂತಾದವು ಬರುತ್ತವೆ. ಮೂರ್ಛೆಯನ್ನು, ಎಂದರೆ ‘ನನ್ನದು’ ಎಂಬ ಮಮತ್ವವನ್ನು, ಈ ಗ್ರಂಥ ಪರಿಗ್ರಹವೆಂದು ಗುರುತಿಸುತ್ತದೆ. ಆಚಾರ್ಯರು ಮಿದುಳನ್ನು ಪರೀಕ್ಷಿಸಿದವರಲ್ಲ, ವಿಜ್ಞಾನಿಗಳು ವ್ರತವನ್ನು ಬೋಧಿಸಿದವರಲ್ಲ. ಆದರೂ ಬಯಕೆ ಹೇಳಿದ್ದನ್ನೆಲ್ಲ ನಂಬಲಾಗದೆಂಬಲ್ಲಿ ಇಬ್ಬರೂ ಸೇರುತ್ತಾರೆ.

ವ್ರತದ ವಿವೇಕವಿರುವುದು ಅದರ ಕಾಲದಲ್ಲಿ. ಮುಂಗಡದ ಹಣ ಎದುರಿಗಿರುವಾಗ ಮಿತಿ ಹೊಳೆಯದು. ಮನಸ್ಸು ಶಾಂತವಾಗಿರುವಾಗ, ಮನೆಯವರೆಲ್ಲ ಕುಳಿತು, ನಮಗೆ ಸಾಕಾಗುವುದೆಷ್ಟು, ಮಕ್ಕಳಿಗೆ ಉಳಿಯಬೇಕಾದುದೆಷ್ಟು, ಅದಕ್ಕೂ ಮೀರಿದ್ದು ಯಾವ ದಾನಕ್ಕೆ ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ‘ಸಾಕು’ ಎಂಬ ಮಾತು ಬಯಕೆಯಿಂದ ತಾನಾಗಿ ಹೊರಡುವುದಿಲ್ಲ. ಅದನ್ನು ನಾವೇ ಹೇಳಬೇಕು.